ಭೀಮಕ್ಕನ ಹರಕೆಯ ಹುಂಜಗಳು

ಹಿಂದವಾಡಿಯ ನಮ್ಮ ಮನೆಯ ಹಿತ್ತಲಿನಲ್ಲಿ ಒಂದು ಹಂಚಿನ ಕೋಣೆಯಿತ್ತು. ಅದರಲ್ಲಿ ಭೀಮಕ್ಕ ಬಾಡಿಗೆಗಿದ್ದಳು. ಖಾನಾಪುರದ ಕಡೆಯ ಹಳ್ಳಿಯವಳು, ಕುರುಬರ ಮನೆತನ. ಗಂಡ ಸತ್ತ ಮೇಲೆ ಮಗಳು ಕಾಂತಾಳನ್ನು ಕಟ್ಟಿಕೊಂಡು ಬೆಳಗಾವಿಗೆ ಬಂದವಳು ಮುಸುರೆ ತಿಕ್ಕಿ, ಕೋಳಿ ಸಾಕಿ, ಮಿಲಿಟರಿ ಕ್ಯಾಂಪಿನ ಬಂಗಲೆಗಳಿಗೆ ಮೊಟ್ಟೆ ಮಾರಿ ಮಗಳನ್ನು ದೊಡ್ಡವಳನ್ನಾಗಿ ಮಾಡಿದ್ದಳು. ನಮ್ಮದು ಮೊಟ್ಟೆಯ ಹೆಸರೆತ್ತದ ಲಿಂಗವಂತರ ಮನೆ. ಹಿತ್ತಲಲ್ಲಿ ಕೋಳಿ ಇರಲಿಕ್ಕೆ ನಮ್ಮ ಮನೆಯವರು ಹೇಗೆ ಒಪ್ಪಿದರೋ ನಾ ಕಾಣೆ. ಒಪ್ಪಿದ್ದು ಅವರು, ನಿದ್ದೆ ಕೆಟ್ಟದ್ದು ನನ್ನದು.

ಹೇಂಟೆಗಳದ್ದೇನೂ ತಕರಾರಿರಲಿಲ್ಲ. ತಕರಾರೆಲ್ಲ ಹುಂಜಗಳದ್ದು. ಅಷ್ಟು ಸಣ್ಣ ಹಿತ್ತಲಿಗೆ ಒಂದು ಹುಂಜ ಸಾಕೆನ್ನುವುದು ಕೋಳಿ ಮುಟ್ಟದ ನನಗೂ ಗೊತ್ತು. ಭೀಮಕ್ಕನ ಹತ್ತಿರ ಅವು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಲೇ ಹೋದವು. ಬೆಳಗಾದರೆ ಒಂದರ ಕೂಗು ಮುಗಿಯುವಷ್ಟರಲ್ಲಿ ಇನ್ನೊಂದರದ್ದು ಶುರು. ಕೂಗಿಕೊಂಡರೆ ಕೂಗಿಕೊಳ್ಳಲಿ, ಆದರೆ ಹೇಂಟೆಗಳಿಗೆ ಅವು ಕೊಡುತ್ತಿದ್ದ ಕಾಟ ನೋಡಲಾಗುತ್ತಿರಲಿಲ್ಲ. ಒಂದು ಇಳಿಯಿತೆಂದರೆ ಇನ್ನೊಂದು ಏರುತ್ತಿತ್ತು. ನೆತ್ತಿಯ ಪುಕ್ಕ ಕಚ್ಚಿ ಹಿಡಿದು ಬೆನ್ನ ಮೇಲೆ ಉಗುರೂರಿ ನಿಲ್ಲುತ್ತಿದ್ದವು. ಬೂದು ಬಣ್ಣದ ಒಂದು ಹೇಂಟೆಯಿತ್ತು, ಬಡಪಾಯಿ. ಅದರ ಬೆನ್ನು ಪೂರಾ ಬೋಳಾಗಿ ತೊಗಲು ಕೆಂಪಗೆ ಕಾಣುತ್ತಿತ್ತು. ಕಾಳು ಚೆಲ್ಲಿದರೂ ಬರದೆ ಅರಿವೆ ಒಗೆಯುವ ಕಲ್ಲಿನ ಸಂದಿಯಲ್ಲಿ ಮುದುಡಿ ಕೂತಿರುತ್ತಿತ್ತು.

ಈ ಪುಂಡರನ್ನು ಮಾರಿ ಕೈತೊಳೆದುಕೋ ಎಂದು ನಾನು ಎಷ್ಟು ಸಲ ಹೇಳಿದೆನೋ. ಅವು ಮಾರುವ ಹುಂಜಗಳಲ್ಲ ಎಂದಷ್ಟೇ ಅನ್ನುತ್ತಿದ್ದಳು. ಒಂದು ದಿನ ಕೂತು ಎಲ್ಲ ಹೇಳಿದಳು. ಕಾಂತಾಳನ್ನು ಖಾನಾಪುರದ ಹಂಚಿನ ಕಾರ್ಖಾನೆಯಲ್ಲಿ ದುಡಿಯುವ ಸಾತಪ್ಪನಿಗೆ ಕೊಟ್ಟಿದ್ದಳು. ಮಗಳು ಬಸುರಿಯೆಂಬ ಸುದ್ದಿ ಬಂದ ದಿನವೇ ಒಂದು ಹುಂಜದ ಮರಿ ಆರಿಸಿ, ಕಾಲಿಗೆ ಅರಿಷಿಣದ ದಾರ ಕಟ್ಟಿ, ತನ್ನ ತವರೂರಿನ ದ್ಯಾಮವ್ವನಿಗೆ ಬೇಡಿಕೊಳ್ಳುತ್ತಿದ್ದಳು. ಕೂಸು ಬದುಕಿ ಬೆಳೆದು ಅದರ ಹುಟ್ಟುಗೂದಲಿನ ಜವಳ ತೆಗೆಸುವ ದಿನ ಹುಂಜ ದೇವಿಗೆ. ಅಲ್ಲಿಯ ತನಕ ಅದನ್ನು ಕೊಯ್ಯುವಂತಿಲ್ಲ, ಮಾರುವಂತಿಲ್ಲ, ಯಾರಿಗೂ ಕೊಡುವಂತಿಲ್ಲ. ಜವಳದ ದಿನ ಬರಲೇ ಇಲ್ಲ. ಮೊದಲ ಎರಡು ಹೊಟ್ಟೆಯಲ್ಲೇ ಹೋದವು. ಮೂರನೆಯದು ಹುಟ್ಟಿತು, ಅಳಲಿಲ್ಲ. ಕೂಸುಗಳು ಹೋದವು, ಹುಂಜಗಳು ಉಳಿದವು.

ಹಳೆಯ ಹುಂಜವನ್ನೇ ಹೊಸ ಕೂಸಿಗೆ ಹಿಡಿದರೆ ಆಗದೇ ಎಂದು ಕೇಳಿದೆ. ನನ್ನ ಬುದ್ಧಿ ಅಷ್ಟೇ.

“ಅದು ಆ ಕೂಸಿಂದರಿ ಅಕ್ಕಾರ. ಇದಕ್ಕ ಹೆಂಗ ಕೊಡಾಕ ಬರತೈತಿ?” ಅಂದಳು.

ಆಮೇಲೆ ನಾನು ಹುಂಜದ ಕೂಗಿಗೆ ಬೈಯುವುದನ್ನು ಬಿಟ್ಟೆ. ಮನಸ್ಸಿನಲ್ಲಿ ಬೈದರೆ ಅದು ಬೇರೆ.

ಮೂರನೆಯ ಕೂಸು ಹೋದದ್ದು ಎಮರ್ಜೆನ್ಸಿ ಮುಗಿದ ವರ್ಷ. ಕಾಂತಾ ತಾಯಿಯ ಹತ್ತಿರ ಬಂದು ಬಿದ್ದಳು. ಬಿಳಿಚಿಕೊಂಡ ಮುಖ, ಗೋಡೆ ಹಿಡಿದು ನಡೆಯುವ ಸ್ಥಿತಿ. ನಾನೇ ಕ್ಯಾಂಪಿನ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋಗಿದ್ದೆ. ಮೈಯಲ್ಲಿ ರಕ್ತವೇ ಇಲ್ಲ, ಇನ್ನೆರಡು ವರ್ಷ ಬಸುರಿನ ಮಾತು ಬೇಡ, ಬಸುರಾದರೆ ಜೀವಕ್ಕೆ ಅಪಾಯ ಎಂದು ಆಕೆ ಭೀಮಕ್ಕನ ಎದುರಿಗೇ ಹೇಳಿದರು. ಭೀಮಕ್ಕ ತಲೆ ಆಡಿಸಿದಳು.

ಆ ದಿನಗಳಲ್ಲಿ ತಾಯಿ ಮಗಳಿಬ್ಬರಿಗೂ ಬೂದು ಹೇಂಟೆಯನ್ನು ಉಳಿಸುವುದೇ ಕೆಲಸ. ಭೀಮಕ್ಕ ಹುಂಜಗಳನ್ನು ಒಂದೊಂದಾಗಿ ಮಡಿಲಲ್ಲಿ ಅಮುಕಿ ಹಿಡಿದು, ಕಾಲಿನ ಮುಳ್ಳನ್ನು ಕಲ್ಲಿಗೆ ತಿಕ್ಕಿ ಮೊಂಡು ಮಾಡುತ್ತಿದ್ದಳು. ಗಾಯಕ್ಕೆ ಎಣ್ಣೆ ಅರಿಷಿಣ ಹಚ್ಚಿ ಹೇಂಟೆಯನ್ನು ಬುಟ್ಟಿಯಡಿ ಮುಚ್ಚಿಡುತ್ತಿದ್ದಳು. ಆದರೂ ಗಾಳಿಗೆಂದು ಹೊರಗೆ ಬಿಟ್ಟ ಗಳಿಗೆಯಲ್ಲಿ ಯಾವುದೋ ಒಂದು ಬಂದು ಎರಗುವುದೇ. ಒಂದು ಮಧ್ಯಾಹ್ನ ನೋಡುತ್ತೇನೆ, ಹೇಂಟೆಯ ಬೆನ್ನ ಮೇಲೆ ಕೆಂಪು ಖಣದ ಜಾಕೀಟು. ರೆಕ್ಕೆಯ ಕೆಳಗಿನಿಂದ ಲಾಡಿ ತಂದು ಕಟ್ಟಿದ್ದರು. ಇನ್ನು ಹಣೆಗೆ ಹೂವಿನ ದಂಡಿ ಕಟ್ಟಿಬಿಡಿ, ಮದುವೆಗೆ ತಯಾರಾಯಿತು ಎಂದು ನಾನು ನಕ್ಕೆ. ಕಾಂತಾ ನಗಲಿಲ್ಲ. ಅವಳ ಮಗ್ಗುಲಲ್ಲಿ ಕತ್ತರಿ ಇತ್ತು, ಕೂಸಿಗೆಂದು ಹೊಲಿದಿಟ್ಟಿದ್ದ ಕುಂಚಿಗೆಯ ಅರ್ಧ ತುಂಡು ಇತ್ತು. ನನಗೆ ಯಾಕಾದರೂ ನಕ್ಕೆನೋ ಅನ್ನಿಸಿತು.

ಯುಗಾದಿ ಮುಗಿದು ಸಾತಪ್ಪ ಹೆಂಡತಿಯನ್ನು ಕರೆಯಲು ಬಂದ. ಕೆಟ್ಟವನಲ್ಲ, ಕುಡಿಯುವವನಲ್ಲ. ತಾಯಿಯ ಮಾತು ಮೀರದವನು, ಅಷ್ಟೇ. ಆ ತಾಯಿ ಬೇರೆ ಹೆಣ್ಣು ನೋಡಲು ಶುರುಮಾಡಿದ್ದಾಳೆಂದು ನೆಲ ನೋಡುತ್ತ ಹೇಳಿದ. ಭೀಮಕ್ಕನ ಮುಖದ ಬಣ್ಣವೇ ಹೋಯಿತು. ಡಾಕ್ಟರಮ್ಮ ಹೇಳಿದ್ದನ್ನು ನಾನು ನೆನಪಿಸಿದೆ. ನಾಳೆ ಸವತಿ ಬಂದರೆ ಡಾಕ್ಟರಮ್ಮ ಬರುತ್ತಾಳೇನು ಎಂದು ನನ್ನನ್ನೇ ಕೇಳಿದಳು. ಮಗಳ ಅರಿವೆಯನ್ನು ಗಂಟು ಕಟ್ಟಿದಳು.

ಕಾಂತಾ ಬುಟ್ಟಿಯ ಹತ್ತಿರ ಕೂತಿದ್ದಳು. ಹೋಗುವ ಮೊದಲು ಹೇಂಟೆಯನ್ನು ಸ್ವಲ್ಪ ಹೊರಗೆ ಬಿಡಲೇ ಎಂದು ತಾಯಿಯನ್ನು ಕೇಳಿದಳು. ಬೇಡ, ಇನ್ನೂ ಪುಕ್ಕ ಬಂದಿಲ್ಲ, ಬೆನ್ನು ತುಂಬುವ ತನಕ ಹುಂಜದ ಕಣ್ಣಿಗೂ ಬೀಳಬಾರದು ಎಂದಳು ಭೀಮಕ್ಕ.

“ಕೋಳೀನ ಬುಟ್ಟಿ ಮುಚ್ಚಿ ಇಟಗೊಂಡೀ ಯವ್ವಾ,” ಅಂದಳು ಕಾಂತಾ. “ನನ್ನೂ ಇಟಗೋ.”

ಭೀಮಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. “ಗಂಡನ ಮನಿ ಹ್ವಾದ್ರ ಮತ್ತ ಸಿಗೂದಿಲ್ಲ ಮಗಳ. ಈ ಸಲ ದ್ಯಾಮವ್ವ ಕಣ್ಣ ತೆರೀತಾಳ, ನಡಿ,” ಅಂದಳು.

ಟಿಳಕವಾಡಿಯ ರೈಲ್ವೆ ಗೇಟಿನ ತನಕ ತಾನೇ ಗಂಟು ಹೊತ್ತು ಹೋಗಿ ಕಳಿಸಿ ಬಂದಳು. ನನಗೆ ಎಂಥ ಸಿಟ್ಟು ಬಂದಿತ್ತೆಂದರೆ ಎಷ್ಟೋ ದಿನ ಅವಳೊಡನೆ ಮಾತು ಬಿಟ್ಟಿದ್ದೆ.

ಮಳೆ ಹಿಡಿಯುವ ಹೊತ್ತಿಗೆ ಖಾನಾಪುರದಿಂದ ಸುದ್ದಿ ಬಂತು. ಭೀಮಕ್ಕ ಮತ್ತೊಂದು ಮರಿಗೆ ಅರಿಷಿಣದ ದಾರ ಕಟ್ಟಿದಳು. ಬೂದು ಹೇಂಟೆ ಮಾತ್ರ ಆ ಮಳೆಗಾಲವೆಲ್ಲ ಜಾಕೀಟು ತೊಟ್ಟು ಬೇರೆಯಾಗಿಯೇ ಇತ್ತು. ಅದಕ್ಕೆ ಬೇರೆ ಕಾಳು, ಬೇರೆ ನೀರು. ಹುಂಜಗಳು ಬುಟ್ಟಿಯ ಸುತ್ತ ತಿರುಗಿ ತಿರುಗಿ ಬೇಸತ್ತು ಹೋದವು.

ದೀಪಾವಳಿ ಹತ್ತಿರ ಬಂದಿತ್ತು. ಬೆಳಿಗ್ಗೆ ಭೀಮಕ್ಕ ಹಿತ್ತಲಿನಿಂದ ನನ್ನನ್ನು ಕೂಗಿ ಕರೆದಳು. ಹೇಂಟೆಯ ಜಾಕೀಟಿನ ಲಾಡಿ ಬಿಚ್ಚಿ ಬಿಸಿಲಿಗೆ ಹಿಡಿದಿದ್ದಳು. ಬೆನ್ನ ತುಂಬ ಹೊಸ ಪುಕ್ಕ, ಒಂದು ಕಡೆಯೂ ಬೋಳಿಲ್ಲ. ನೋಡ್ರಿ, ಸುಮ್ಮನೆ ಬಿಟ್ಟರೆ ತಾನೇ ತುಂಬುತ್ತದೆ ಎಂದು ಕೂಸಿನ ಹಾಗೆ ನಕ್ಕಳು. ನಾನೂ ಸಿಟ್ಟು ಮರೆತು ಆ ಪುಕ್ಕದ ಮೇಲೆ ಕೈಯಾಡಿಸಿದೆ. ಜನ್ಮದಲ್ಲಿ ಕೋಳಿ ಮುಟ್ಟಿದ್ದು ಅದೊಂದೇ ಸಲ.

ಊಟದ ಹೊತ್ತಿಗೆ ಸಾತಪ್ಪನ ಕಾರ್ಖಾನೆಯ ಒಬ್ಬ ಬಂದು ಗೇಟಿನಲ್ಲಿ ನಿಂತ. ಒಳಗೆ ಬರಲಿಲ್ಲ. ದಿನ ತುಂಬುವ ಮೊದಲೇ ಕಾಂತಾಳಿಗೆ ಹೆರಿಗೆಯ ಬ್ಯಾನಿ ಬಂದು ರಕ್ತ ನಿಲ್ಲಲಿಲ್ಲವಂತೆ. ಟೆಂಪೋದಲ್ಲಿ ಹಾಕಿಕೊಂಡು ಬೆಳಗಾವಿಗೆ ಹೊರಟಿದ್ದರಂತೆ. ದಾರಿಯಲ್ಲೇ ಮುಗಿಯಿತಂತೆ, ಕೂಸೂ ಅವಳ ಸಂಗಡವೇ. ಭೀಮಕ್ಕ ಅಳಲಿಲ್ಲ. ಅವಳ ಕೈಯಲ್ಲಿ ಇನ್ನೂ ಆ ಖಣದ ಚೂರು ಇತ್ತು. ಅದನ್ನು ಹಿಡಿದುಕೊಂಡೇ ಅವನ ಹಿಂದೆ ನಡೆದಳು. ಬಾಗಿಲು ಹಾಕಿದ್ದು ನಾನು.

ಮಣ್ಣು ಮುಗಿಸಿ ಬಂದವಳು ಹೇಂಟೆಗಳನ್ನೆಲ್ಲ ಕ್ಯಾಂಪಿನಲ್ಲಿ ಮೊಟ್ಟೆ ಕೊಳ್ಳುತ್ತಿದ್ದ ಹೆಂಗಸಿಗೆ ಕೊಟ್ಟುಬಿಟ್ಟಳು. ಬೂದು ಹೇಂಟೆಯೂ ಹೋಯಿತು. ಹುಂಜಗಳನ್ನು ಕೊಡುವಂತಿರಲಿಲ್ಲ. ಜವಳ ತೆಗೆಸುವ ಕೂಸು ಇನ್ನು ಬರುವುದಿಲ್ಲ, ಹರಕೆ ತೀರುವುದೂ ಇಲ್ಲ. ಹೇಂಟೆಗಳಿಲ್ಲದ ಮೇಲೆ ಹುಂಜಗಳ ಜಗಳವೂ ನಿಂತಿತು. ಒಂದೇ ಬಟ್ಟಲಲ್ಲಿ ಕಾಳು ತಿಂದು, ಸಂಜೆಗೆ ಒಂದರ ಪಕ್ಕ ಒಂದು ಕೂರುತ್ತಿದ್ದವು. ಕೆಟ್ಟ ಹುಂಜಗಳೇನಾಗಿರಲಿಲ್ಲ ಅವು. ಮೊಟ್ಟೆ ಮಾರಾಟ ಹೋಯಿತು, ಭೀಮಕ್ಕ ಇನ್ನೂ ಎರಡು ಮನೆಯ ಮುಸುರೆ ಹಿಡಿದಳು. ಆ ದುಡಿಮೆಯಲ್ಲೇ ಅವಕ್ಕೆ ಕಾಳು ಹಾಕಿದಳು.

ಅವು ಮುದಿಯಾಗಿ ಒಂದೊಂದೇ ಸತ್ತವು. ಸತ್ತದ್ದನ್ನು ಪೇರಲ ಗಿಡದ ಬುಡದಲ್ಲಿ ಕುಣಿ ತೋಡಿ, ಕಾಲಿನ ದಾರ ಬಿಚ್ಚದೆ ಹೂಳುತ್ತಿದ್ದಳು. ಕೊನೆಯದು ಹೋದದ್ದು ಎಂಬತ್ಮೂರರಲ್ಲೋ ಎಂಬತ್ನಾಲ್ಕರಲ್ಲೋ. ಅದನ್ನೂ ಹೂತು, ಕೈತೊಳೆದುಕೊಂಡು ನಮ್ಮ ಅಡಿಗೆ ಮನೆಯ ಹಿಂಬಾಗಿಲಲ್ಲಿ ಬಂದು ಕೂತಳು. ನಾನು ಚಹಾ ಕೊಟ್ಟೆ. ಬಟ್ಟಲನ್ನು ಕೈಯಲ್ಲಿ ಹಿಡಿದುಕೊಂಡು ಪೇರಲ ಗಿಡದ ಕಡೆ ನೋಡಿದಳು.

“ಕಾಣದ ಕೂಸಿಗೆಲ್ಲಾ ಒಂದೊಂದು ಹುಂಜ ಬೇಡಕೊಂಡ್ನಿರಿ ಅಕ್ಕಾರ,” ಅಂದಳು. “ಕಾಂತಾ ಉಳೀಲಿ ಅಂತ ಒಂದೂ ಬೇಡಕೊಳ್ಳಲಿಲ್ಲ.”