ಅರ್ಜಿಯ ಎರಡನೇ ಸಾಲು

ನಾನು ಮಾಡುತ್ತಿದ್ದ ಕೆಲಸಕ್ಕೆ ಈಗ ಚೆಂದದ ಹೆಸರೊಂದು ಬಂದಿದೆಯಂತೆ, ಯೂಸರ್ ಎಕ್ಸ್‌ಪೀರಿಯೆನ್ಸ್ ಡಿಸೈನರ್. ತೊಂಬತ್ತರ ದಶಕದಲ್ಲಿ ನನ್ನ ಕೈಗೆ ಬಂದ ಸರ್ಕಾರಿ ಆದೇಶದಲ್ಲಿ ‘ನಮೂನೆಗಳ ಪರಿಷ್ಕರಣೆ’ ಎಂದಷ್ಟೇ ಇತ್ತು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳಲ್ಲಿ ಜನ ಅರ್ಜಿಗಳನ್ನು ಏಕೆ ತಪ್ಪು ತುಂಬುತ್ತಾರೆ ಎಂದು ನೋಡಿ, ಅರ್ಜಿಯನ್ನೇ ತಿದ್ದಿಕೊಡಬೇಕಿತ್ತು. “ಜನುಕ್ಕೆ ಓದಾಕ್ ಬರಾಕಿಲ್ಲ, ಅದ್ಕೇ ತಪ್ಪು. ಇದ್ರಾಗೆ ನೋಡೋದೇನೈತೆ?” ಎಂದು ನಮ್ಮ ಕಚೇರಿಯ ಹೆಡ್ ಕ್ಲರ್ಕು ನಕ್ಕರು. ನನಗೆ ರೇಗಿತು. ನೋಡದೆ ತೀರ್ಪು ಕೊಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ನೋಟ್ ಪುಸ್ತಕ, ಪೆನ್ಸಿಲು, ಚಿತ್ರಾನ್ನದ ಡಬ್ಬಿ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ.

ಹೆಚ್ಚು ವಾಪಸ್ಸು ಬರುತ್ತಿದ್ದವು ವಿಧವಾ ವೇತನದ ಅರ್ಜಿಗಳು, ಅದೂ ಒಂದೇ ಕಾರಣಕ್ಕೆ. ಎರಡನೇ ಸಾಲಿನಲ್ಲಿ ಬರೆದ ಗಂಡನ ಹೆಸರಿಗೂ ಮರಣ ಪತ್ರದಲ್ಲಿದ್ದ ಹೆಸರಿಗೂ ತಾಳೆಯೇ ಆಗುತ್ತಿರಲಿಲ್ಲ. ಗಂಡನ ಹೆಸರನ್ನು ತಪ್ಪಾಗಿ ಬರೆಸುವುದುಂಟೇ? ಅದೂ ಕಂತೆಗಟ್ಟಲೆ! ನನ್ನ ತಲೆಗೆ ಹುಳ ಬಿಟ್ಟಂತಾಯಿತು.

ನಾಲ್ಕರಲ್ಲಿ ಒಂದು ತಾಲ್ಲೂಕು ಕಚೇರಿ. ಯಾವುದೆಂದು ಹೇಳುವುದಿಲ್ಲ, ಅಲ್ಲಿಯವರಿಗೆ ಮುಜುಗರ ಬೇಡ. ಅದರ ಗೇಟಿನ ಪಕ್ಕ ಹೊಂಗೆ ಮರದ ಕೆಳಗೆ ಅರ್ಜಿ ಬರೆದುಕೊಡುವ ಮುದುಕರೊಬ್ಬರು ಪುಟ್ಟ ಮೇಜು ಹಾಕಿಕೊಂಡು ಕೂರುತ್ತಿದ್ದರು. ನಾನು ಅವರ ಪಕ್ಕದ ಕಲ್ಲಿನ ಮೇಲೆ ಕೂತೆ. ಮೊದಲ ದಿನ “ನೀನೇನವ್ವ, ನನ್ ಮ್ಯಾಲೆ ಸಿಐಡಿ ಕೆಲ್ಸ ಮಾಡ್ತಿದ್ದೀಯಾ?” ಎಂದು ಛೇಡಿಸಿದವರು ಎರಡನೆಯ ದಿನ ನನ್ನ ಚಿತ್ರಾನ್ನದಲ್ಲಿ ಪಾಲು ತೆಗೆದುಕೊಂಡರು.

ಮೂರನೆಯ ದಿನ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಪಕ್ಕದ ಮನೆಯ ಗಂಡಸನ್ನು ಜೊತೆಗೆ ಕರೆದುಕೊಂಡು ಬಂದರು. ಡೈರಿಗೆ ಹಾಲು ಹಾಕಿ ನೇರ ಬಸ್ಸು ಹತ್ತಿದ್ದರಂತೆ. ಅವರ ಅರ್ಜಿ ಆಗಲೇ ಎರಡು ಸಲ ವಾಪಸ್ಸಾಗಿತ್ತು. ವೇತನ ಮಂಜೂರಾಗದಿದ್ದರೆ ಇರುವ ಒಂದೇ ಹಸುವನ್ನೂ ಮಾರಬೇಕು ಎಂದರು. ಮುದುಕರು ಮೊದಲ ಸಾಲು ತುಂಬಿ ಕೇಳಿದರು: “ಗಂಡನ್ ಎಸ್ರು?”

ಹೆಂಗಸು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಜೊತೆಗಿದ್ದವನ ಮುಖ ನೋಡಿದರು. ಅವನು ಥಟ್ಟನೆ ಒಂದು ಹೆಸರು ಹೇಳಿದ. ಮುದುಕರು ಬರೆದುಕೊಂಡರು. ನಾನು ತಡೆಯಲಾರದೆ ಆಕೆಯ ಪ್ಲಾಸ್ಟಿಕ್ ಕವರು ಇಸಿದುಕೊಂಡು, ಒಳಗೆ ಮಡಿಸಿಟ್ಟಿದ್ದ ಮರಣ ಪತ್ರ ಬಿಡಿಸಿದೆ. ಬೇರೆಯೇ ಹೆಸರು!

“ಇದೇನಣ್ಣ, ಇದರಲ್ಲಿ ಬೇರೆ ಇದೆಯಲ್ಲ?”

“ಊರ್ನಲ್ಲಿ ನಾವೆಲ್ಲ ಅಂಗೇ ಕೂಗ್ತಿದ್ದುದು ಕಣಕ್ಕ. ಅವ್ನಿಗೆ ಇನ್ನೊಂದ್ ಎಸ್ರೈತೆ ಅಂತ ನಂಗೇನ್ ಗೊತ್ತು?”

ಅಯ್ಯೋ ಶಿವನೇ, ಇಷ್ಟೇನಾ! ಹೆಂಡತಿ ಗಂಡನ ಹೆಸರು ಹೇಳುವಂತಿಲ್ಲ. ಜೊತೆಗೆ ಬಂದವನಿಗೆ ಊರು ಕರೆಯುವ ಹೆಸರಷ್ಟೇ ಗೊತ್ತು. ಬರೆಯುವವರು ಕಿವಿಗೆ ಬಿದ್ದದ್ದನ್ನು ಬರೆಯುತ್ತಾರೆ. ನಿಜವಾದ ಹೆಸರಿರುವ ಕಾಗದ ಒಳಗಿನ ಕೌಂಟರು ಮುಟ್ಟುವವರೆಗೂ ಕವರಿನಿಂದ ಹೊರಗೇ ಬರುವುದಿಲ್ಲ. ಪತ್ತೆ ಹಚ್ಚಿದ ಖುಷಿಯಲ್ಲಿ ನನಗೆ ಕುಣಿಯುವ ಹಾಗಾಯಿತು.

ಮರಣ ಪತ್ರ ನೋಡಿ ಬೇರೆ ಅರ್ಜಿ ಬರೆಸಿ, ನಾನೇ ಆಕೆಯನ್ನು ಒಳಗೆ ಕರೆದೊಯ್ದೆ. ಗುಮಾಸ್ತರು ಹಳೆಯ ಕಡತ ತೆಗೆದರು. “ಎರಡ್ ಸಲ ಒಂದ್ ಎಸ್ರು, ಈಗ ಇನ್ನೊಂದು. ನಿನ್ ಗಂಡ ಯಾರು ಅಂತ ನಿನ್ ಬಾಯಲ್ಲೇ ಯೋಳಮ್ಮ” ಎಂದರು. ಆಕೆ ಮತ್ತೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದರು. ಗುಮಾಸ್ತರು ಕಡತವನ್ನು ಪಕ್ಕಕ್ಕೆ ತಳ್ಳಿದರು.

ಹೊರಗೆ ಬಂದು ನಾನು ರೇಗಿದೆ. “ಅಲ್ಲಮ್ಮ, ಹೆಸರು ಹೇಳಿದರೆ ಗಂಡನ ಆಯಸ್ಸು ಕಮ್ಮಿಯಾಗುತ್ತೆ ಅಂತ ತಾನೇ? ಈಗ ಅವರೇ ಇಲ್ಲವಲ್ಲ. ಹೇಳಿದರೆ ಇನ್ನೇನಾಗುತ್ತೆ?”

ಆಕೆಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. “ಈಗ ಯೋಳ್ಬುಟ್ರೆ, ಇನ್ ಅವ್ರು ಬರಾಕಿಲ್ಲ ಅಂತ ನಾನೇ ಒಪ್ಕಂಡಂಗಾಯ್ತದೆ ಕಣವ್ವ” ಎಂದರು.

ನಾಲಿಗೆ ಕಚ್ಚಿಕೊಂಡೆ. ವಾಪಸ್ಸು ಬರುವಾಗ ಬಸ್ಸಿನಲ್ಲಿ ದಾರಿಯುದ್ದಕ್ಕೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತಿತ್ತು.

ಆ ವಾರವೇ ಅರ್ಜಿಯ ಹೊಸ ನಮೂನೆ ಬರೆದೆ. ಎರಡನೇ ಸಾಲು: ‘ಗಂಡನ ಹೆಸರು. ಮರಣ ಪತ್ರ ನೋಡಿ ಬರೆಯತಕ್ಕದ್ದು. ಅರ್ಜಿದಾರರನ್ನು ಕೇಳಬಾರದು.’ ಮೂರನೇ ಸಾಲು: ‘ಊರಿನಲ್ಲಿ ಕರೆಯುವ ಹೆಸರು. ಜೊತೆಗೆ ಬಂದವರನ್ನು ಕೇಳುವುದು.’ ಕೊನೆಯಲ್ಲಿ ಹೆಬ್ಬೆಟ್ಟಿನ ಚೌಕ, ಅದರ ಮೇಲೆ: ‘ಗಟ್ಟಿಯಾಗಿ ಓದಿ ಹೇಳಲಾಯಿತು, ಸರಿ ಎಂದು ಒಪ್ಪಿದರು.’ ನಮ್ಮ ಸಾಹೇಬರು ಕನ್ನಡಕ ಏರಿಸಿದರು. “ಸರ್ಕಾರದ ಅರ್ಜೀಲಿ ‘ಕೇಳಬಾರದು’ ಅಂತ ಬರೆಯೋದುಂಟೇನ್ರೀ?”

“ನಿಮ್ಮ ಮನೆಯವರ ಬಾಯಲ್ಲಿ ನಿಮ್ಮ ಹೆಸರು ಒಂದು ದಿನವಾದರೂ ಕೇಳಿದ್ದೀರಾ ಸಾರ್?” ಎಂದೆ. ಸಾಹೇಬರು ಪೆನ್ನು ತೆಗೆದು ಸಹಿ ಹಾಕಿದರು.

ಅಚ್ಚಾದ ಮೊದಲ ಕಟ್ಟನ್ನು ನಾನೇ ಅದೇ ಕಚೇರಿಗೆ ಒಯ್ದೆ. ಹೊಂಗೆ ಮರದ ಮುದುಕರ ಮೂಲಕ ಆಕೆಗೆ ಹೇಳಿಕಳಿಸಿದ್ದೆ, ಪಕ್ಕದ ಮನೆಯವನ ಜೊತೆಗೆ ಬಂದಿದ್ದರು. ಕವರನ್ನು ಕೌಂಟರಿನ ಮೇಲಿಟ್ಟರು. ಅದೇ ಗುಮಾಸ್ತರು ಮರಣ ಪತ್ರ ತೆಗೆದು ಹೆಸರನ್ನು ನೋಡಿ ಬರೆದರು. ಮೂರನೇ ಸಾಲು ತುಂಬಿದ ಮೇಲೆ ಹಳೆಯ ಕಡತದ ಹೆಸರಿಗೂ ಲೆಕ್ಕ ಸಿಕ್ಕಿತು. ಆಮೇಲೆ ಅರ್ಜಿಯಲ್ಲಿ ಬರೆದಿದ್ದ ಹಾಗೆ, ಎಲ್ಲವನ್ನೂ ಗಟ್ಟಿಯಾಗಿ ಓದಿ ಕೇಳಿದರು: “ಸರೀನೇನಮ್ಮ?”

ಆಕೆ ಕೌಂಟರಿನ ಕಟ್ಟೆ ಹಿಡಿದುಕೊಂಡರು. “ಎರಡ್ನೇದು ಇನ್ನೊಂದ್ ಕಿತ ಓದಿ ಸಾಮಿ.”

ಕಿವಿ ಮಂದವೇನೋ ಎಂದುಕೊಂಡ ಗುಮಾಸ್ತರು ಆ ಹೆಸರನ್ನು ಇನ್ನಷ್ಟು ಜೋರಾಗಿ ಓದಿದರು. ಸಾಲಿನಲ್ಲಿ ನಿಂತವರೆಲ್ಲ ತಿರುಗಿ ನೋಡಿದರು. ಆಕೆ ತಲೆಯಾಡಿಸಿ, ಹೆಬ್ಬೆಟ್ಟನ್ನು ಮಸಿಗೆ ಒತ್ತಿದರು.

ವೇತನ ಮಂಜೂರಾಯಿತು, ಹಸು ಉಳಿಯಿತು. ಅದೆಲ್ಲ ಮುದುಕರಿಂದ ಆಮೇಲೆ ತಿಳಿದದ್ದು. ಅಂದು ಮೆಟ್ಟಿಲಿಳಿಯುವಾಗ, ಎರಡನೇ ಸಲ ಏಕೆ ಓದಿಸಿದಿರಿ, ಕೇಳಿಸಲಿಲ್ಲವೇ ಎಂದು ನನ್ನ ಚಾಳಿಯಂತೆ ಕೇಳಿಯೇಬಿಟ್ಟೆ.

“ಕೇಳುಸ್ತು ಕಣವ್ವ. ಆ ಎಸ್ರಿಡ್ದು ಕೂಗ್ತಿದ್ದೋರು ನಮ್ಮತ್ತೆ ಒಬ್ರೇಯ. ಅವ್ರೂ ಓಗ್ಬುಟ್ರು. ಕಿವೀಗ್ ಬಿದ್ದು ಬೋ ದಿನ ಆಗಿತ್ತು.”