ಕೆಮ್ಮು ಕಾಯುವವಳು

ಮೂಟೆಯಕ್ಕನಿಗೆ ನಾಲ್ಕು ತಿಂಗಳ ಸಂಬಳ ಬರಬೇಕು. ಇದು ಅಚ್ಚಾಗಿ ನಿಮ್ಮ ಕೈ ಸೇರುವ ಹೊತ್ತಿಗೂ ಬಂದಿರುವುದಿಲ್ಲ. ಗುತ್ತಿಗೆದಾರನನ್ನು ಕೇಳಿದರೆ ಬಿಲ್ಲು ಪಾಸಾಗಿಲ್ಲ ಅನ್ನುತ್ತಾನೆ. ಬಿಲ್ಲು ಪಾಸು ಮಾಡುವವರನ್ನು ಕೇಳಿದರೆ ವರದಿ ಹಸಿರಾಗಿಲ್ಲ ಅನ್ನುತ್ತಾರೆ. ವರದಿಯನ್ನು ಹಸಿರು ಮಾಡುವುದು ಒಂದು ಗುಂಡಿ ಒತ್ತುವಷ್ಟು ಕೆಲಸ. ಅದನ್ನು ಅವಳು ಒತ್ತಲಿಲ್ಲ.

ಏನು ಕೆಲಸ ನಿಂದು ಎಂದು ಕೇಳಿದವರಿಗೆಲ್ಲ ಅವಳದು ಒಂದೇ ಉತ್ತರ: "ಮೂಟೆ ಕಟ್ಟೋದು." ಹೆಸರು ಬಂದದ್ದೂ ಅದರಿಂದಲೇ. ಅವಳ ಅಪ್ಪ ಹಮಾಲಿ ಮಾಡುತ್ತಿದ್ದವನು, ಬೆನ್ನ ಮೇಲೆ ಹೊರುತ್ತಿದ್ದ. ಮಗಳು ಕೂತು ಕಟ್ಟುತ್ತಾಳೆ. ಬೆನ್ನುನೋವು ಮಾತ್ರ ಇಬ್ಬರಿಗೂ ಒಂದೇ. ಕೂರುವುದು ದಾಖಲೆ ಸಂಗ್ರಹಾಲಯದ ನೆಲಮಾಳಿಗೆಯಲ್ಲಿ, ಒರಗು ಮುರಿದ ಕುರ್ಚಿಯ ಮೇಲೆ, ತಲೆಯ ಮೇಲೆ ಮೇಲಂತಸ್ತಿನ ಪಾಯಿಖಾನೆಯ ಪೈಪು. ಏಸಿ ಇದೆ, ಯಂತ್ರಗಳಿಗೆ. ಮನುಷ್ಯರು ನಡುಬೇಸಿಗೆಯಲ್ಲೂ ಸ್ವೆಟರ್ ಹಾಕಿಕೊಂಡು ಮೂಗು ಒರೆಸಿಕೊಳ್ಳುತ್ತಾರೆ.

ಮೂಟೆ ಅಂದರೆ ಹೀಗೆ. ಹಳೆಯ ಧ್ವನಿಮುದ್ರಣ, ಫೋಟೋ, ಕಾಗದದ ಚಿತ್ರ, ಏನೇ ಇರಲಿ, ಕಂಪ್ಯೂಟರಿಗೆ ಬಂದ ಫೈಲುಗಳನ್ನು ಒಂದು ಫೋಲ್ಡರಿಗೆ ತುಂಬಬೇಕು. ಸಾಫ್ಟ್‌ವೇರು ಪ್ರತಿ ಫೈಲನ್ನೂ ತುದಿಯಿಂದ ತುದಿಗೆ ಓದಿ, ಅಕ್ಷರ ಅಂಕಿ ಬೆರೆತ ಉದ್ದನೆಯ ಒಂದು ಗುರುತು ಕೊಡುತ್ತದೆ. ಫೈಲಿನೊಳಗೆ ಎಳ್ಳಷ್ಟು ಆಚೀಚೆಯಾದರೂ ಗುರುತು ಪೂರ್ತಿ ಬೇರೆಯಾಗುತ್ತದೆ. ಗುರುತುಗಳ ಪಟ್ಟಿಯನ್ನು ಫೈಲುಗಳ ಜೊತೆಗೇ ಕಟ್ಟಿಡುತ್ತಾರೆ. ಅಲ್ಲಿಗೆ ಮೂಟೆಗೆ ಅರಗಿನ ಮುದ್ರೆ ಒತ್ತಿದ ಹಾಗೆ. ಆಮೇಲೆ ಆಗಾಗ ಮತ್ತೆ ಓದಿಸಿ ಪಟ್ಟಿಯ ಜೊತೆ ತಾಳೆ ನೋಡಬೇಕು. ತಾಳೆಯಾದರೆ ಹಸಿರು, ಇಲ್ಲದಿದ್ದರೆ ಕೆಂಪು. ಬಸ್ಸಿನಲ್ಲಿ ಕಣ್ಣು ಮುಚ್ಚಿದರೂ ಅವಳಿಗೆ ಪರದೆಯ ಮೇಲೆ ಹಸಿರು ಗೆರೆ ತೆವಳುವುದು ಕಾಣುತ್ತದೆ.

ಸಾವಿರಾರು ಮೂಟೆ ಕಟ್ಟಿದ್ದಾಳೆ. ಒಳಗೆ ಏನಿದೆ ಎಂದು ನೋಡುವ ಉತ್ಸಾಹ ಎಂದೋ ಸತ್ತಿದೆ. ಒಂದು ಮೂಟೆ ಮಾತ್ರ ಬೇರೆ. ಅದರಲ್ಲಿ ಅವಳ ಅತ್ತೆ ಇದ್ದಾಳೆ.

ಅತ್ತೆ ಕಲ್ಲುಪುಡಿ ಕಾರ್ಖಾನೆಯ ಜರಡಿ ಕೋಣೆಯಲ್ಲಿ ವಯಸ್ಸು ಸವೆಸಿದವಳು. ಆ ಕೋಣೆಯಲ್ಲಿ ದುಡಿದವರೆಲ್ಲರ ಎದೆಗೂ ಧೂಳು ಇಳಿದಿತ್ತು. ಕಾರ್ಖಾನೆ ಮುಚ್ಚುವ ಮುಂಚೆ ಯೂನಿಯನ್ನಿನವರು ಮನೆಮನೆಗೆ ಹೋಗಿ ಕಾಯಿಲೆಯವರ ಮಾತು ಮುದ್ರಿಸಿಕೊಂಡರು. ಎರಡು ಮಾತಿಗೊಂದು ಕೆಮ್ಮು, ಕೆಮ್ಮಿನ ನಡುವೆ ಮಾತು ಹುಡುಕಬೇಕು. ಮಾಲೀಕನ ವಕೀಲ ಒಂದೇ ರಾಗ ಹಾಡುತ್ತಲೇ ಬಂದ: ಇವರಿಗೆ ಅಂಥದ್ದೇನೂ ಆಗಿರಲಿಲ್ಲ, ಗಟ್ಟಿಮುಟ್ಟಾಗಿದ್ದರು. ಕೊನೆಗೂ ಪರಿಹಾರ ಮಂಡಳಿ ಮುದ್ರಣಗಳನ್ನು ಕೇಳಲು ಒಪ್ಪಿತು. ಷರತ್ತು ಒಂದೇ. ಸಂಗ್ರಹಾಲಯಕ್ಕೆ ಬಂದ ದಿನದಿಂದ ಒಂದಕ್ಷರವೂ ಬದಲಾಗಿಲ್ಲ ಎಂದು ವರದಿ ಬೇಕು. ಬಂದ ದಿನ ಆ ಮೂಟೆ ಕಟ್ಟಿದವಳು ಇವಳೇ.

ಮಂಡಳಿಗೆ ಕಳಿಸುವ ಮುಂಚಿನ ಕೊನೆಯ ತಾಳೆ. ಹಚ್ಚಿ, ಊಟದ ಡಬ್ಬಿ ಬಿಚ್ಚಿದಳು. ಕೈ ತುತ್ತಿನಲ್ಲಿರುವಾಗಲೇ ಪರದೆ ಕೆಂಪಾಯಿತು. ಒಂದು ಫೈಲಲ್ಲ, ಅರ್ಧಕ್ಕರ್ಧ. ಡಿಸ್ಕು ಕೊಳೆಯಿತೋ ಏನೋ ಎಂದುಕೊಂಡಳು. ನೋಡಿದರೆ ಕೆಂಪಾದ ಫೈಲುಗಳೆಲ್ಲ ಮೊದಲಿಗಿಂತ ಚಿಕ್ಕವಾಗಿವೆ. ಡಿಸ್ಕು ಕೊಳೆತರೆ ಫೈಲುಗಳು ಇಷ್ಟು ಅಚ್ಚುಕಟ್ಟಾಗಿ ತೆಳ್ಳಗಾಗುವುದಿಲ್ಲ. ಅತ್ತೆಯ ಫೈಲು ಹಚ್ಚಿ ಕೇಳಿದಳು. ರೇಡಿಯೋದಲ್ಲಿ ವಾರ್ತೆ ಓದಿದ ಹಾಗೆ ಅತ್ತೆ ಸರಾಗವಾಗಿ ಮಾತಾಡುತ್ತಿದ್ದಳು. ಗಟ್ಟಿಮುಟ್ಟಾದ ಹೆಂಗಸೊಬ್ಬಳು ಯಾರದೋ ಕಾಯಿಲೆಯ ಸುದ್ದಿ ಹೇಳಿದ ಹಾಗೆ.

ಪಕ್ಕದ ಮೇಜಿನವನು ಧ್ವನಿಯ ಕೆಲಸದವನು. ಮಲಗುವಾಗಲಾದರೂ ಕಿವಿಯಿಂದ ತೆಗೆಯುತ್ತಾನೋ ಇಲ್ಲವೋ, ಎಲ್ಲರೂ ಅವನನ್ನು ಇಯರ್‌ಫೋನು ಎಂದೇ ಕರೆಯುತ್ತಾರೆ.

"ಏನೋ, ಕಲ್ಲುಪುಡಿಯವರದ್ದು ಮುಟ್ಟಿದ್ಯಾ?"

ಅವನು ಒಂದು ಕಿವಿ ಮಾತ್ರ ಖಾಲಿ ಮಾಡಿದ. "ಓ ಅದಾ! ಮೇಲೆ ಪ್ರದರ್ಶನ ಇತ್ತಲ್ಲ ಅಕ್ಕಾ, ಕ್ಲೀನ್ ಮಾಡ್ಕೊಟ್ಟೆ. ಬರೀ ಕೆಮ್ಮೇ ಇತ್ತು, ಕೇಳೋಕಾಗ್ತಿರ್ಲಿಲ್ಲ. ಈಗ ನೋಡು, ಬೆಣ್ಣೆ ಥರ ಇದೆ."

"ಯಾವ ಫೋಲ್ಡರಿಂದ ತಗೊಂಡೆ?"

ತೋರಿಸಿದ. ಜನ ಕೇಳಲಿ ಎಂದೇ ಇಟ್ಟಿದ್ದ ನಕಲು ಪಕ್ಕದಲ್ಲೇ ಇತ್ತು. ಇವನು ಕೈ ಹಾಕಿದ್ದು ಕಟ್ಟಿದ ಮೂಟೆಗೆ. ಕೆಮ್ಮು ಕತ್ತರಿಸಿ, ಅದೇ ಹೆಸರಿನಲ್ಲಿ ಅಲ್ಲೇ ಉಳಿಸಿದ್ದ. ಆಮೇಲೆ ಆ ನಕಲಿನ ಮೇಲೂ ಇದನ್ನೇ ಹಾಕಿದ್ದ.

"ಅಯ್ಯೋ ಬೃಹಸ್ಪತಿ," ಎಂದಳು ಮೂಟೆಯಕ್ಕ. ಬೈಯಲು ಅದಕ್ಕಿಂತ ಹೆಚ್ಚು ಶಕ್ತಿ ಇರಲಿಲ್ಲ.

ಬೇರೆ ಕಟ್ಟಡದಲ್ಲಿ ಎರಡನೆಯ ಪ್ರತಿ ಇದೆ. ಆದರೆ ಅದು ಇಲ್ಲಿರುವುದನ್ನು ನೋಡಿಕೊಂಡು ವಾರವಾರ ತನ್ನನ್ನು ತಿದ್ದಿಕೊಳ್ಳುವ ಪ್ರತಿ. ಇಲ್ಲಿ ಕೆಮ್ಮು ಹೋದ ವಾರವೇ ಅಲ್ಲೂ ಹೋಗಿತ್ತು. ಯೂನಿಯನ್ನಿನ ಮೂಲ ಡಿಸ್ಕು? ಕಾರ್ಯದರ್ಶಿಗೆ ಫೋನು ಮಾಡಿದಳು. "ಅದು ಸತ್ತು ಎಷ್ಟು ಕಾಲವಾಯ್ತಮ್ಮ. ನಿಮ್ಮ ಹತ್ರ ಭದ್ರವಾಗಿದೆ ಅಂತ ನಾವು ಆರಾಮಾಗಿದ್ವಿ," ಎಂದ ಆ ಪುಣ್ಯಾತ್ಮ.

ವಿಭಾಗದ ಮುಖ್ಯಸ್ಥನಿಗೆ ನೆಲಮಾಳಿಗೆಯವರು ಇಟ್ಟ ಹೆಸರು ಆಗ್ಲಿಬಿಡಿ ಸಾಹೇಬ. ಪೈಪು ಸೋರಿದರೂ ಆಗ್ಲಿ ಬಿಡಿ, ಸಂಬಳ ಬರದಿದ್ದರೂ ಆಗ್ಲಿ ಬಿಡಿ. ಕೆಂಪು ಪರದೆ ನೋಡಿ ಅವನಿಗೆ ಬೆವರಿತು.

"ಹೊಸ ಪಟ್ಟಿ ಹುಟ್ಟಿಸಮ್ಮ. ಈಗಿರೋ ಫೈಲಿಗೆ ಈಗಿನ ಗುರುತು. ತಾಳೆ ಆಗುತ್ತೆ, ಹಸಿರಾಗುತ್ತೆ. ಮಾತೆಲ್ಲಾ ಇದೆ ತಾನೇ? ಕೆಮ್ಮು ಹೋದ್ರೆ ಹೋಗ್ಲಿ."

"ಕೆಮ್ಮೇ ಸಾಕ್ಷಿ ಸಾರ್."

"ಮಾತು ಸಾಕ್ಷಿ. ಕೆಮ್ಮು ಗದ್ದಲ." ಆಮೇಲೆ ದನಿ ತಗ್ಗಿಸಿದ. "ನೋಡು, ಈ ವರದಿ ಹೋಗ್ದಿದ್ರೆ ಬಿಲ್ಲು ಹೋಗಲ್ಲ. ಇಲ್ಲಿರೋರ್ಯಾರಿಗೂ ಕಾಸಿಲ್ಲ. ನಿನಗೊಬ್ಬಳಿಗಲ್ಲ."

ಅವನು ಹೇಳಿದ್ದು ನಿಜ. ಇಯರ್‌ಫೋನಿನ ಹೆಂಡತಿ ಬಸುರಿ. ಬಾಗಿಲ ಬಳಿಯ ಮುದುಕ ಕಾವಲುಗಾರ ಡಬ್ಬಿ ತರುವುದನ್ನೇ ಬಿಟ್ಟಿದ್ದ, ಹೊಟ್ಟೆ ಸರಿಯಿಲ್ಲ ಎಂದು ಸುಳ್ಳು ಹೇಳುತ್ತಿದ್ದ. ಹಳೆಯ ಪಟ್ಟಿಯ ಮೇಲೆ ಹೊಸದು ಬರೆಯಲೇ ಎಂದು ಸಾಫ್ಟ್‌ವೇರು ಕೇಳುತ್ತಿತ್ತು. ಬೆರಳು ಗುಂಡಿಯ ಮೇಲೇ ಇತ್ತು. ನಾಳೆ ನೋಡೋಣ ಎಂದು ಯಂತ್ರ ಆರಿಸಿ ಮನೆಗೆ ಹೋದಳು. ಅದು ಧೈರ್ಯವಲ್ಲ, ಸುಸ್ತು.

ಗಂಡ ಲಾರಿ ಓಡಿಸುವವನು, ಮನೆಯಲ್ಲಿರಲಿಲ್ಲ. ಅತ್ತೆ ಗೋಡೆಗೆ ದಿಂಬು ಕೊಟ್ಟು ಕೂತಿದ್ದಳು. ಮಲಗಿದರೆ ಉಸಿರು ಕಟ್ಟುತ್ತದೆ, ಹಾಗಾಗಿ ಎಷ್ಟೋ ಕಾಲದಿಂದ ಅವಳು ಮಲಗುವುದೂ ಕೂತೇ. ಸೊಸೆ ಸೊಪ್ಪು ಬಿಡಿಸುತ್ತಾ ನಡೆದದ್ದನ್ನೆಲ್ಲ ಹೇಳಿದಳು.

"ನನ್ನ ಕೆಮ್ಮು ತೆಗೆದ್ನಾ?" ಅತ್ತೆಗೆ ನಗು ಬಂತು, ನಗುವಿನ ಬಾಲ ಹಿಡಿದು ಕೆಮ್ಮೂ ಬಂತು. "ಡಾಕ್ಟರ ಕೈಲೇ ಆಗ್ಲಿಲ್ಲ. ಇಲ್ಲಿಗೂ... ಒಂದ್ಸಲ ಬಂದು ತೆಗೆದು ಹೋಗು ಅಂತ ಹೇಳೇ ಅವನಿಗೆ."

"ತಮಾಷೆ ಅಲ್ಲ ಅತ್ತೆ. ಒತ್ತಿದ್ರೆ ಸಂಬಳ ಬರುತ್ತೆ."

"ಒತ್ತು ಹಾಗಾದ್ರೆ. ಅಂಗಡಿಯವನು ಇವತ್ತೂ ಬಂದಿದ್ದ. ಎದುರಿಗೆ ಕೂತು ಕೆಮ್ಮಿದ್ರೇ ನಂಬದಿದ್ದೋರು ಯಂತ್ರ ಕೆಮ್ಮಿದ್ರೆ ನಂಬ್ತಾರಾ?"

ಸೊಸೆ ಸೊಪ್ಪು ತೊಳೆದು ಬಂದಳು. ಅತ್ತೆ ಉಸಿರು ಕೂಡಿಸಿಕೊಳ್ಳುತ್ತಾ ಕೂತಿದ್ದಳು.

"ಯಾರ್ಯಾರದ್ದು ತೆಗೆದಿದ್ದಾನೆ?"

ಹೇಳಿದಳು. ಒಲೆ ಕೆಲಸದವನದು. ಜರಡಿ ಕೋಣೆಯ ಅಕ್ಕತಂಗಿಯರದು. ಲೋಡಿಂಗ್ ಮೇಸ್ತ್ರಿಯದು.

"ಥೂ." ಅತ್ತೆ ದಿಂಬು ಸರಿಸಿ ನೆಟ್ಟಗೆ ಕೂತಳು. "ನಂದೊಂದೇ ಆಗಿದ್ರೆ ಒತ್ತು ಅಂತಿದ್ದೆ. ನಾನಿನ್ನೂ ಇದ್ದೀನಿ, ಬಂದು ಕೇಳಿದ್ರೆ ಮತ್ತೆ ಕೆಮ್ಮಿ ತೋರಿಸ್ತೀನಿ. ಅವರೆಲ್ಲ ಹೋದ್ರಲ್ಲೇ. ಅವರನ್ನ ಎಬ್ಬಿಸಿ ಕೆಮ್ಮಿ ಅನ್ನೋಕಾಗುತ್ತಾ?"

ಮರುದಿನ ಮೂಟೆಯಕ್ಕ ವರದಿಯನ್ನು ಕೆಂಪಾಗಿಯೇ ಕಳಿಸಿದಳು. ಷರಾ ಜಾಗದಲ್ಲಿ ಬರೆದಳು: ಮೂಟೆ ಕಟ್ಟಿದ ಮೇಲೆ ಈ ಫೈಲುಗಳನ್ನು ತಿದ್ದಲಾಗಿದೆ, ಇವು ಮೂಲವಲ್ಲ. ಆಗ್ಲಿಬಿಡಿ ಸಾಹೇಬ ಮೊದಲ ಸಲ ಆಗ್ಲಿ ಬಿಡಿ ಅನ್ನಲಿಲ್ಲ. ಅವಳ ಹೆಸರಿನಲ್ಲೇ ಹೋಗಲಿ ಎಂದು ಪಕ್ಕಕ್ಕೆ ಸರಿದ. ಬಿಲ್ಲು ನಿಂತಿತು. ನೆಲಮಾಳಿಗೆಯಲ್ಲಿ ಯಾರೂ ಅವಳ ಬೆನ್ನು ತಟ್ಟಲಿಲ್ಲ. ಕಾವಲುಗಾರ ಮುಖ ತಿರುಗಿಸಿದ. ಇಯರ್‌ಫೋನು ಜಗಳಕ್ಕೇ ಬಂದ: "ನಿಮ್ಮತ್ತೆ ಕೆಮ್ಮಿಗೆ ನಮ್ಮ ಹೊಟ್ಟೆ ಮೇಲೆ ಹೊಡೀತೀಯಾ?" ಹೆಣ್ಣುಮಗಳೊಬ್ಬಳು ಒಂದು ಗುಂಡಿ ಒತ್ತಲಿಲ್ಲವೆಂದು ಒಂದು ಕೋಣೆಯ ಜನ ಉಪವಾಸ ಬೀಳಬೇಕು ಅನ್ನುವ ಏರ್ಪಾಡು ಮಾಡಿದವನು ಗುತ್ತಿಗೆದಾರ, ಅವನು ನೆಲಮಾಳಿಗೆಗೆ ಇಳಿಯುವುದೇ ಇಲ್ಲ. ಕೈಗೆ ಸಿಗುವವಳು ಮೂಟೆಯಕ್ಕ.

ದಾರಿ ತೋರಿಸಿದ್ದು ಅತ್ತೆಯೇ, ಅದೂ ಬೈಯುತ್ತಾ. "ಆವಾಗ ಮಾತಾಡಿದೋರಿಗೆಲ್ಲ ಅವರವರ ಮಾತು ಇದ್ದ ಹಾಗೇ ತುಂಬಿ ಒಂದೊಂದು ತಟ್ಟೆ ಕೊಟ್ಟಿದ್ರಲ್ಲೇ ಯೂನಿಯನ್ನೋರು! ನಂದು ಪಾರಿವಾಳ ಓಡಿಸೋಕೆ ಕಿಟಕಿಗೆ ಕಟ್ಟಿದ್ದೀಯಲ್ಲ, ಅದೇ."

ಕಿಟಕಿಯಲ್ಲಿ ಬಿಸಿಲಿಗೆ ಹೊಳೆಯುತ್ತಿದ್ದ ಸಿ.ಡಿ. ಬಿಚ್ಚಿ ತಂದು ಒರೆಸಿ ನೆಲಮಾಳಿಗೆಯ ಯಂತ್ರಕ್ಕೆ ಹಾಕಿದಳು. ಬಿಸಿಲು, ಪಾರಿವಾಳ ಸೇರಿ ಅದರ ಚರ್ಮ ಸುಲಿದಿದ್ದವು. ಯಂತ್ರ ಗಿರಗಿರ ತಿರುಗಿ ಉಗುಳಿತು. ಅತ್ತೆಯ ಹಳೆಯ ಕೆಮ್ಮು ಹೋಯಿತು, ಇನ್ನು ಸಿಗುವುದಿಲ್ಲ.

ರಜೆಯ ದಿನ ಕಾರ್ಮಿಕರ ಸಾಲುಮನೆಗಳ ಕಡೆ ಹೋದಳು. ಸುಮಾರು ಜನ ಊರು ಬಿಟ್ಟುಹೋಗಿದ್ದಾರೆ. ಒಬ್ಬಳು ಕಸಕ್ಕೆ ಹಾಕಿದೆ ಅಂದಳು, ಇನ್ನೊಬ್ಬ ಯಾವ ತಟ್ಟೆ ಅಂದ. ಲೋಡಿಂಗ್ ಮೇಸ್ತ್ರಿಯ ವಿಧವೆ ಮಾತ್ರ ಟ್ರಂಕಿನ ತಳದಿಂದ ಸೀರೆಯ ಮಡಿಕೆಯೊಳಗಿದ್ದದ್ದನ್ನು ತೆಗೆದುಕೊಟ್ಟಳು. ಕೇಳುವ ಯಂತ್ರ ಮನೆಯಲ್ಲಿ ಯಾವತ್ತೂ ಇರಲಿಲ್ಲ, ಹಾಗಾಗಿ ಒಂದು ಗೀರೂ ಬಿದ್ದಿರಲಿಲ್ಲ.

ನೆಲಮಾಳಿಗೆಯಲ್ಲಿ ಹಚ್ಚಿದಳು. ಇಯರ್‌ಫೋನು ಮಾತು ಬಿಟ್ಟಿದ್ದವನು, ಬಂದು ಹಿಂದೆ ನಿಂತ. ಸಾಫ್ಟ್‌ವೇರು ಫೈಲನ್ನು ಓದಿತು, ಹಳೆಯ ಪಟ್ಟಿಯ ಗುರುತಿನ ಜೊತೆ ಇಟ್ಟು ನೋಡಿತು. ಹಸಿರು. ಆ ಪಟ್ಟಿಯ ಮೇಲೆ ಹೊಸದು ಬರೆದಿದ್ದರೆ, ಇದು ಅದೇ ಮುದ್ರಣ ಎಂದು ಹೇಳುವುದಕ್ಕೆ ಲೋಕದಲ್ಲಿ ಏನೂ ಉಳಿಯುತ್ತಿರಲಿಲ್ಲ. ಮೇಸ್ತ್ರಿ ಕೆಮ್ಮಿದ. ಕೆಮ್ಮಿದ, ಕ್ಯಾಕರಿಸಿದ, ಒಂದು ಮಾತಾಡಿದ, ಮತ್ತೆ ಕೆಮ್ಮಿದ. ಇಯರ್‌ಫೋನು ಪೂರ್ತಿ ಕೇಳಿ, ಎರಡೂ ಕಿವಿ ಖಾಲಿ ಮಾಡಿಕೊಂಡು ಹೊರಗೆ ಹೋದ.

ಅದು ಒಂದು. ಉಳಿದವು ಇನ್ನೂ ಕೆಂಪಗೇ ಇವೆ. ಮಂಡಳಿ ಈ ಸಾಲಿನ ಕೊನೆಯವರೆಗೆ ಕಾಯುತ್ತದಂತೆ, ಆಮೇಲೆ ವಕೀಲ ಹೇಳಿದ್ದೇ ನಿಜವಾಗುತ್ತದೆ. ಮೂಟೆಯಕ್ಕನಿಗೆ ಊರೆಲ್ಲ ಅಲೆಯುವ ಕಾಲಿಲ್ಲ, ಬಸ್ಸಿಗೆ ಕಾಸೂ ಇಲ್ಲ.

ಆ ಕಾರ್ಖಾನೆಯಲ್ಲಿ ದುಡಿದವರ ಮಕ್ಕಳು, ಸೊಸೆಯಂದಿರು, ಅಳಿಯಂದಿರು ಇದನ್ನು ಓದುತ್ತೀರಿ. ಅಯ್ಯೋ ಪಾಪ ಅನ್ನಬೇಡಿ, ಅದರಿಂದ ಯಾವ ಫೈಲೂ ಹಸಿರಾಗುವುದಿಲ್ಲ. ಪುಟ ಮುಚ್ಚಿ ಏಳಿ. ಅಟ್ಟ ನೋಡಿ, ಟ್ರಂಕಿನ ತಳ ನೋಡಿ, ಊರು ಬಿಟ್ಟುಹೋದ ನೆಂಟರಿಗೆ ಫೋನು ಮಾಡಿ. ಆ ತಟ್ಟೆ ಸಿಕ್ಕಿದರೆ ಉಜ್ಜಬೇಡಿ, ಚೆಂದ ಮಾಡಬೇಡಿ, ಕೆಮ್ಮು ಇದ್ದ ಹಾಗೇ ನೆಲಮಾಳಿಗೆಗೆ ತಂದುಕೊಡಿ. ಯಾವತ್ತು ತರುತ್ತೀರಿ, ಹೇಳಿ.