ಹದಿನಾರೋ, ಇಪ್ಪತ್ತಾರೋ

ಆಪರೇಟರಮ್ಮ ಯಾರ ಮಾತನ್ನೂ ಒಂದೇ ಸಲಕ್ಕೆ ನಂಬಿದವಳಲ್ಲ. ಅದು ಹುಟ್ಟುಗುಣವೇನಲ್ಲ, ಕೆಲಸದಿಂದ ಅಂಟಿಕೊಂಡದ್ದು. ರೈಲು ನಿಲ್ದಾಣದ ಎದುರಿನ ಮೂರು ಮಹಡಿಯ ಹೋಟೆಲಿನಲ್ಲಿ, ಮೆಟ್ಟಿಲ ಕೆಳಗಿನ ಗೂಡಿನಂಥ ಕೋಣೆಯಲ್ಲಿ, ಇಪ್ಪತ್ತೆಂಟು ವರ್ಷ ಟೆಲಿಫೋನ್ ಬೋರ್ಡಿನ ಮುಂದೆ ಕೂತವಳು ಆಕೆ. ಮಲಗಿದ್ದಲ್ಲಿಂದಲೇ ‘ಹೊರಗೆ ಹೋಗಿದ್ದಾರೆ ಅಂತ ಹೇಳಿಬಿಡಿ’ ಎನ್ನುವ ಅತಿಥಿಗಳು, ಅಣ್ಣ ಎಂದು ಹೇಳಿಕೊಂಡು ಫೋನು ಮಾಡುವ ಅಣ್ಣನಲ್ಲದವರು, ಇಂಥವರ ‘ಹಲೋ’ಗಳನ್ನು ದಿನವೂ ಕೇಳಿ ಕೇಳಿ ಆಕೆಯ ಕಿವಿ ಪಳಗಿಹೋಗಿತ್ತು. ನಾಲಿಗೆ ಸುಳ್ಳು ಹೇಳೀತು, ಉಸಿರು ಹೇಳುವುದಿಲ್ಲ ಎನ್ನುತ್ತಿದ್ದಳು.

ಆದರೆ ಕದ್ದು ಕೇಳುವ ಚಟ ಆಕೆಗಿರಲಿಲ್ಲ. ಹೊರಗಿನಿಂದ ಫೋನು ಬಂದರೆ ಬೋರ್ಡಿನ ಮೇಲೊಂದು ಪುಟ್ಟ ಮುಚ್ಚಳ ಟಪ್ಪೆಂದು ಬೀಳುತ್ತಿತ್ತು. ವೈರಿನ ತುದಿಯನ್ನು ಕೋಣೆಯ ತೂತಿಗೆ ಸಿಕ್ಕಿಸಬೇಕು, ಗಂಟೆ ಬಾರಿಸಬೇಕು, ಎರಡೂ ಕಡೆಯ ‘ಹಲೋ’ ಕೇಳಿಸಿದ ಮೇಲೆ ಮಾತು ತನಗೆ ಕೇಳಿಸದಂತೆ ತನ್ನ ಕಿವಿಯ ಕೀಲಿಯನ್ನು ಹಿಂದಕ್ಕೆ ತಳ್ಳಬೇಕು. ಅಷ್ಟು ಅವಳ ನಿಯಮ. ಗಂಡನೂ ಇದನ್ನು ನಂಬುತ್ತಿರಲಿಲ್ಲ. ಶಾಲೆಯ ಪ್ರಯೋಗಾಲಯದಲ್ಲಿ ಅಟೆಂಡರ್ ಆಗಿದ್ದ ಆ ಮನುಷ್ಯ, ಹಾಲಿನ ಮಡಕೆ ಕಾಯುವ ಬೆಕ್ಕು ಹಾಲು ಕುಡಿಯದೇ ಇರುತ್ತದೆಯೇ ಎಂದು ನಗುತ್ತಿದ್ದ.

ಮೂವತ್ತೊಂದು ವರ್ಷದ ಹಿಂದೆ ಆ ಹೋಟೆಲಿಗೆ ಬ್ಯಾಂಡಿನವರು ಬಂದು ಇಳಿದರು. ಆ ಕಾಲಕ್ಕೆ ಬ್ಯಾಂಡು ಅಂದರೆ ಅದೊಂದೇ. ಹಾಡುಗಾರ, ಗಿಟಾರಿನವನು, ಡ್ರಮ್ಮಿನವನು, ಹೀಗೆ ಮೂರೇ ಜನ ಸೇರಿ ಊರೂರಿನ ಹುಡುಗರ ತಲೆ ಕೆಡಿಸಿದ್ದರು. ಹಾಡುಗಾರನಿಗೆ ಹದಿನಾರನೇ ಕೋಣೆ, ಗಿಟಾರಿನವನಿಗೆ ಮೇಲಿನ ಮಹಡಿಯ ಇಪ್ಪತ್ತಾರು. ಬೋರ್ಡಿನಲ್ಲಿ ಹತ್ತು ಹತ್ತು ತೂತುಗಳ ಸಾಲು. ಹದಿನಾರರ ಕೆಳಗೇ ಇಪ್ಪತ್ತಾರು.

ಆವತ್ತು ಜೊತೆಯವಳು ರಜೆ ಹಾಕಿದ್ದರಿಂದ ಆಪರೇಟರಮ್ಮ ಒಬ್ಬಳೇ ಇದ್ದಳು. ಸಂಜೆಯ ಕಾರ್ಯಕ್ರಮದ ಟಿಕೆಟ್ಟಿಗೆಂದು ಬೆಳಗಿನಿಂದ ಊರಿಗೂರೇ ಹೋಟೆಲಿಗೆ ಫೋನು ಮಾಡುತ್ತಿತ್ತು. ಮಧ್ಯಾಹ್ನ ಎರಡೂವರೆಗೆ ಪರಊರಿನಿಂದ ಒಂದು ಕರೆ. ಗಂಡಸಿನ ಗೊಗ್ಗರು ದನಿ, ‘ಇಪ್ಪತ್ತಾರಕ್ಕೆ ಕೊಡಿ’ ಎಂದಿತು. ಅಷ್ಟರಲ್ಲಿ ಇನ್ನೂ ಐದಾರು ಮುಚ್ಚಳ ಟಪಟಪ ಬಿದ್ದವು. ವೈರು ಸಿಕ್ಕಿಸಿ, ಗಂಟೆ ಬಾರಿಸಿ, ಹಲೋಗೆ ಕಾಯದೆ ಕೀಲಿ ತಳ್ಳಿ ಆಕೆ ಬೇರೆ ಕರೆಗಳಿಗೆ ತಿರುಗಿದಳು. ಹನ್ನೊಂದು ನಿಮಿಷದ ಮೇಲೆ ಮಾತು ಮುಗಿದ ದೀಪ ಹೊತ್ತಿತು. ವೈರು ಕೀಳಲು ಕೈಹಾಕಿದವಳು ತೂತಿನ ನಂಬರು ನೋಡಿದಳು. ಅದು ಇದ್ದದ್ದು ಹದಿನಾರರಲ್ಲಿ.

ತಪ್ಪು ಕೋಣೆಗೆ ಹೋದ ಫೋನು ಅರ್ಧ ನಿಮಿಷದಲ್ಲಿ ವಾಪಸು ಬರುತ್ತದೆ. ಇದು ಹನ್ನೊಂದು ನಿಮಿಷ ಯಾಕೆ ನಡೆಯಿತು ಎಂದು ಆಕೆ ಯೋಚಿಸುತ್ತಿರುವಾಗಲೇ ಹಾಡುಗಾರ ಮೆಟ್ಟಿಲಿಳಿದು ಬಂದ. ಕೈಯಲ್ಲಿ ಪೆಟ್ಟಿಗೆ. ಗೂಡಿನ ಕಿಂಡಿಯ ಕಡೆ ಒಂದು ಸಲ ನೋಡಿದ, ಅಥವಾ ಆಕೆಗೆ ಹಾಗನ್ನಿಸಿತು. ಆಮೇಲೆ ರಸ್ತೆ ದಾಟಿ ರೈಲು ನಿಲ್ದಾಣದೊಳಕ್ಕೆ ಹೋದವನು ಮತ್ತೆ ಆ ಬ್ಯಾಂಡಿನ ಜೊತೆ ಎಂದೂ ಹಾಡಲಿಲ್ಲ.

ಮರುದಿನ ಮ್ಯಾನೇಜರು, ಹಾಡುಗಾರರಿಗೆ ಫೋನೇನಾದರೂ ಬಂದಿತ್ತಾ ಎಂದು ಕೇಳಿದ. ಆಕೆ ನೆನಪಿಲ್ಲ ಸಾರ್ ಎಂದಳು. ಅವಳ ಸರ್ವಿಸಿನಲ್ಲಿ ತನಗಾಗಿ ಹೇಳಿದ್ದು ಅದೊಂದೇ ಸುಳ್ಳು. ಅದನ್ನು ಹೇಳುವಾಗ ತನ್ನ ಉಸಿರು ಏರುಪೇರಾದದ್ದು ತನಗೇ ಕೇಳಿಸಿತು; ಇವನಿಗೂ ಕೇಳಿಸಿರಬೇಕು ಎಂಬ ಅನುಮಾನ ಅಲ್ಲಿಂದಲೇ ಹತ್ತಿಕೊಂಡಿತು. ಮುಂದೆ ಮ್ಯಾನೇಜರು ನಗುತ್ತ ಮಾತಾಡಿಸಿದರೆ ಬಾಯಿಬಿಡಿಸಲು ಬಂದಿದ್ದಾನೆ ಎಂದುಕೊಂಡಳು, ಮಾತಾಡಿಸದಿದ್ದರೆ ಗೊತ್ತಾಗಿಹೋಗಿದೆ ಎಂದುಕೊಂಡಳು.

ಬ್ಯಾಂಡು ಮುರಿದರೂ ಅದರ ಅಭಿಮಾನಿಗಳು ಮುರಿಯಲಿಲ್ಲ. ಪೇಟೆಯ ಹಿಂದಿನ ಬೀದಿಯಲ್ಲಿ ಫೋಟೋಗಳಿಗೆ ಕಟ್ಟು ಹಾಕುವವನ ಅಂಗಡಿಯಿತ್ತು. ಗಾಜಿನ ಹಾಳೆಗಳ ನಡುವೆ, ಮರದ ಹೊಟ್ಟಿನ ಮೇಲೆ ಸ್ಟೂಲು ಹಾಕಿಕೊಂಡು ಏಳೆಂಟು ಜನ ಪ್ರತಿ ಭಾನುವಾರ ಬೆಳಿಗ್ಗೆ ಅಲ್ಲಿ ಕೂರುತ್ತಿದ್ದರು. ಹುಡುಗರಾಗಿದ್ದಾಗ ಶುರುವಾದ ಜಗಳ, ತಲೆ ನರೆತರೂ ಮುಗಿದಿರಲಿಲ್ಲ. ಕಟ್ಟಿನವನು ಹಾಡುಗಾರನ ಪಕ್ಷ. ಗಿಟಾರಿನವನು ಗುಟ್ಟಾಗಿ ಬೇರೆ ರೆಕಾರ್ಡಿಂಗ್ ಕಂಪನಿಯ ಜೊತೆ ಮಾತಾಡಿಕೊಂಡು ಬೆನ್ನಿಗೆ ಚೂರಿ ಹಾಕಿದ ಎಂದು ಅವನ ವಾದ. ಎದುರು ಪಕ್ಷಕ್ಕೆ ಮುಖಂಡ, ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತನಾದ ಚೆಕಿಂಗ್ ಇನ್‌ಸ್ಪೆಕ್ಟರು. ಹಾಡುಗಾರನಿಗೆ ತಲೆ ತಿರುಗಿತ್ತು, ಒಬ್ಬನೇ ಮೆರೆಯುವ ಆಸೆಯಿತ್ತು, ಒಂದು ನೆವ ಬೇಕಿತ್ತು ಅಷ್ಟೆ ಎಂದು ಅವನು. ಡ್ರಮ್ಮಿನವನು ಸಾಯುವ ಮುಂಚೆ ರೇಡಿಯೋದಲ್ಲಿ, ‘ಏನಿಲ್ಲ, ಒಂದು ಫೋನು ಬಂತು’ ಎಂದಷ್ಟೇ ಹೇಳಿ ಇಬ್ಬರ ಬೆಂಕಿಗೂ ತುಪ್ಪ ಸುರಿದಿದ್ದ.

ಆಪರೇಟರಮ್ಮನ ಮೈದುನ ಆ ಅಂಗಡಿಯ ಕಾಯಂ ಗಿರಾಕಿ. ಕನ್ನಡಕ ಮಾರುವ ಅಂಗಡಿಯಲ್ಲಿ ಗಾಜು ಸಾಣೆ ಹಿಡಿಯುವ ಕೆಲಸ ಅವನದು. ಅಣ್ಣ ಅತ್ತಿಗೆಯ ಮನೆಯ ಮೇಲಿನ ಕೋಣೆಯಲ್ಲೇ ವಾಸ. ಯಾವ ಪಕ್ಷಕ್ಕೂ ಸೇರದೆ ಎರಡೂ ಕಡೆ ತಲೆಯಾಡಿಸಿ ಬರುವ ಸಾಧು ಪ್ರಾಣಿ. ಒಂದು ಭಾನುವಾರ ಮಾತಿನ ಭರದಲ್ಲಿ, ಆ ಹೋಟೆಲಿನಲ್ಲಿ ಫೋನು ಜೋಡಿಸುತ್ತಿದ್ದವರು ನಮ್ಮತ್ತಿಗೆಯೇ ಎಂದುಬಿಟ್ಟ. ಅಂಗಡಿಯಲ್ಲಿ ಸುತ್ತಿಗೆಯ ಸದ್ದು ನಿಂತಿತು.

ಎರಡನೇ ದಿನಕ್ಕೆ ಇನ್‌ಸ್ಪೆಕ್ಟರು ಮನೆಗೆ ಬಂದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಹಣ್ಣಿನ ಚೀಲ. ಹಣ್ಣು ನೋಡಿದೊಡನೆ ಆಪರೇಟರಮ್ಮನಿಗೆ ಸಂಶಯ ಬಂತು. ಅವನು ಹವೆಯ ಬಗ್ಗೆ ಮಾತಾಡಿದ, ಮಂಡಿನೋವಿನ ಬಗ್ಗೆ ಮಾತಾಡಿದ, ಟೀ ಚೆನ್ನಾಗಿದೆ ಎಂದ. ಆಮೇಲೆ ಹಾದಿಯಲ್ಲಿ ಬಿದ್ದದ್ದನ್ನು ಎತ್ತಿಕೊಳ್ಳುವವನ ಹಾಗೆ, ಆವತ್ತು ಬ್ಯಾಂಡಿನವರಿಗೆ ಒಂದು ಫೋನು ಬಂದಿತ್ತಂತಲ್ಲ ಎಂದು ತೆಗೆದ.

“ದಿನಕ್ಕೆ ಇನ್ನೂರು ಫೋನು ಬರ್ತಿದ್ವು,” ಎಂದಳು ಆಕೆ. “ಇಪ್ಪತ್ತಾರಕ್ಕೆ ಯಾರು ಮಾಡಿದ್ರು ಅಂತ ಇಷ್ಟು ವರ್ಷ ನೆನಪಿಟ್ಕೊಳ್ಳೋಕಾಗುತ್ತಾ?”

ಇನ್‌ಸ್ಪೆಕ್ಟರು ಲೋಟ ಕೆಳಗಿಟ್ಟ. ಟಿಕೆಟ್ಟಿಲ್ಲದವನನ್ನು ಹಿಡಿದಾಗಿನ ಹಳೆಯ ತಾಳ್ಮೆ ಅವನ ಮುಖದಲ್ಲಿ ಮೂಡಿತು. “ನಾನು ಕೋಣೆ ನಂಬರು ಹೇಳ್ಲಿಲ್ಲ ಮೇಡಂ,” ಎಂದ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಒಲೆಯ ಮೇಲೆ ಏನೋ ಇಟ್ಟಿದ್ದೇನೆ ಎಂದು ಎದ್ದು ಒಳಗೆ ಹೋದವಳು ಅವನು ಹೊರಟುಹೋಗುವವರೆಗೂ ಈಚೆಗೆ ಬರಲಿಲ್ಲ. ಒಲೆ ತಣ್ಣಗೇ ಇತ್ತು.

ಅಲ್ಲಿಂದ ಆ ಮನೆಯಲ್ಲಿ ನೆಮ್ಮದಿ ಹೋಯಿತು. ಬೀದಿಯಲ್ಲಿ ಯಾರು ನಿಂತರೂ ಪರದೆ ಸರಿಸಿ ನೋಡುವಳು. ಗುರುತಿಲ್ಲದ ನಂಬರಿನಿಂದ ಫೋನು ಬಂದರೆ ಎತ್ತಿ, ಮಾತಾಡದೆ, ಆ ಕಡೆಯ ಉಸಿರು ಕೇಳಿ ಇಟ್ಟುಬಿಡುವಳು. ಗಂಡ ಏನು ವಿಷಯ ಎಂದು ಕೇಳಿದ್ದಕ್ಕೆ, ನಿಮ್ಮನ್ನೂ ಅವರೇ ಕಳಿಸಿದರಾ ಎಂದಳು. ಮೈದುನನನ್ನಂತೂ ಮೆಟ್ಟಿಲ ಮೇಲೇ ತಡೆದು ನಿಲ್ಲಿಸಿ, ಮನೆಯ ಮಾತು ಎಲ್ಲೆಲ್ಲಿ ಹಂಚಿ ಬಂದೆ ಎಂದು ದಬಾಯಿಸಿದಳು.

“ಒಂದೇ ಮಾತು ಅತ್ತಿಗೆ. ನೀವು ಅಲ್ಲಿ ಕೆಲಸ ಮಾಡ್ತಿದ್ರಿ ಅಂದೆ, ಅಷ್ಟೆ.”

“ಅಷ್ಟೆ ಅನ್ನೋರೇ ಎಲ್ಲ ಹೇಳಿರ್ತಾರೆ.”

ಮೈದುನ ಆಮೇಲೆ ಒಂದು ವಾರ ಹಿಂದಿನ ಬಾಗಿಲಿನಿಂದ ಓಡಾಡಿದ. ಅದನ್ನು ನೋಡಿ ಆಕೆಯ ಸಂಶಯ ಇನ್ನೂ ಬಲವಾಯಿತು. ಆದರೆ ಆ ವಾರವೆಲ್ಲ ಆಕೆಯನ್ನು ಒಳಗೊಳಗೇ ಕೊರೆದದ್ದು ಇನ್‌ಸ್ಪೆಕ್ಟರಲ್ಲ. ಪರಊರಿನಿಂದ ಕರೆದವನು, ಫೋನೆತ್ತಿದವನು ಗಿಟಾರಿನವನೇ ಎಂದುಕೊಂಡು ಹೊಟ್ಟೆಯೊಳಗಿನದೆಲ್ಲ ಹಾಡುಗಾರನ ಕಿವಿಗೆ ಸುರಿದಿರಬೇಕು. ಹಾಗಾದರೆ ಈ ಗಂಡಸರೆಲ್ಲ ಮೂವತ್ತು ವರ್ಷದಿಂದ ಹುಡುಕುತ್ತಿರುವ ಕಳ್ಳ ತಾನೇ. ತನ್ನ ಕೈ ಒಂದು ಬೆರಳು ಕೆಳಗೆ ಹೋಗಿದ್ದರೆ ಅವರು ಇನ್ನೂ ಹಾಡುತ್ತಿದ್ದರೋ ಏನೋ.

ಭಾನುವಾರ ಬೆಳಿಗ್ಗೆ ಸೀರೆ ಬದಲಿಸಿ, ಯಾರಿಗೂ ಹೇಳದೆ ಕಟ್ಟಿನ ಅಂಗಡಿಗೆ ಹೋದಳು. ಮೈದುನ ಎದ್ದು ಸ್ಟೂಲು ಬಿಟ್ಟುಕೊಟ್ಟ. ಆಕೆ ಕೂರಲಿಲ್ಲ. ಜೊತೆಯವಳ ರಜೆ, ಬಿದ್ದ ಮುಚ್ಚಳಗಳು, ಗೊಗ್ಗರು ದನಿ, ಹದಿನಾರರಲ್ಲಿ ಸಿಕ್ಕಿಕೊಂಡಿದ್ದ ವೈರು, ಹನ್ನೊಂದು ನಿಮಿಷ, ಮ್ಯಾನೇಜರಿಗೆ ಹೇಳಿದ ಸುಳ್ಳು, ಎಲ್ಲವನ್ನೂ ಒಂದೂ ಬಿಡದೆ ಹೇಳಿದಳು. ಕೊನೆಗೆ, “ತಪ್ಪು ನಂದು. ಅವರಿಬ್ಬರನ್ನೂ ಬಿಟ್ಬಿಡಿ,” ಎಂದಳು.

ಬೈಗುಳಕ್ಕೆ ಸಿದ್ಧಳಾಗಿ ಹೋಗಿದ್ದಳು. ಬೈಗುಳ ಬರಲಿಲ್ಲ. ಮೊದಲು ಬಾಯಿ ತೆರೆದವನು ಇನ್‌ಸ್ಪೆಕ್ಟರು. ಗಿಟಾರಿನವನಿಗೆ ಗುಟ್ಟಿನ ಫೋನು ಬಂತು ಎಂದು ಈಗ ಇದ್ದಕ್ಕಿದ್ದಂತೆ ಸಾಕ್ಷಿ ಹುಟ್ಟಿಕೊಂಡಿದೆ, ಮೊನ್ನೆ ಕೇಳಿದಾಗ ಒಳಗೆ ಓಡಿಹೋದವರಿಗೆ ಇವತ್ತು ನಿಮಿಷದ ಲೆಕ್ಕ ಕೂಡ ನೆನಪಿದೆ, ಇದು ಕಟ್ಟಿನವನು ಹೇಳಿಕೊಟ್ಟ ಪಾಠ ಎಂದ.

ಕಟ್ಟಿನವನು ಕುಣಿದಾಡಬೇಕಿತ್ತು. ಅವನು ಇನ್ನೂ ಕೆರಳಿದ. “ಅಂದ್ರೆ ನಮ್ಮ ಹಾಡುಗಾರ ಬೇರೆಯವರ ಫೋನು ತಗೊಂಡು, ನಾನಲ್ಲ ಅಂತಾನೂ ಹೇಳ್ದೆ ಹನ್ನೊಂದು ನಿಮಿಷ ಕದ್ದು ಕೇಳಿದ ಅಂತೀರಾ? ಅಂಥ ಮನುಷ್ಯನಾ ಅವನು?” ಎಂದು ಕೇಳಿ, ಇದನ್ನೆಲ್ಲ ಹೇಳಿಕೊಡಲು ಹಣ್ಣು ತಗೊಂಡು ಹೋದವರು ಯಾರು ಎಂದು ಇನ್‌ಸ್ಪೆಕ್ಟರ ಕಡೆ ಬೊಟ್ಟು ಮಾಡಿದ.

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಎರಡು ಪಕ್ಷದವರೂ ಆಕೆಯನ್ನು ಮರೆತು ತಮ್ಮ ತಮ್ಮೊಳಗೆ ಕಚ್ಚಾಡತೊಡಗಿದರು. ಮೈದುನನೊಬ್ಬ ಗಾಜಿನ ಹಾಳೆಗಳ ಪಕ್ಕ ನಿಂತು, ಯಾವತ್ತೂ ಇಲ್ಲದ ಗಟ್ಟಿ ದನಿಯಲ್ಲಿ ಹೇಳಿದ: “ಕಟ್ಟುಕತೆ ಹೇಳೋರು ಬೇರೆಯವರ ಮೇಲೆ ಹೇಳ್ತಾರೆ. ತನ್ನ ಮೇಲೇ ಹೇಳ್ಕೊಳ್ಳೋಕೆ ನಮ್ಮತ್ತಿಗೆಗೆ ಏನು ಹುಚ್ಚಾ?”

ಅವನ ಮಾತಿಗೆ ಯಾರೂ ಕಿವಿಗೊಡಲಿಲ್ಲ. ಆಕೆಗೆ ಮಾತ್ರ ಕೇಳಿಸಿತು.

ಇಬ್ಬರೂ ಮನೆಯ ದಾರಿ ಹಿಡಿದರು. ಆಪರೇಟರಮ್ಮನಿಗೆ ಮೊದಲು ಸಿಟ್ಟು ಬಂತು. ಇಷ್ಟು ವರ್ಷ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮುಳ್ಳನ್ನು ಕಿತ್ತು ಅಂಗೈಯಲ್ಲಿಟ್ಟು ತೋರಿಸಿದರೆ, ಇದು ಮುಳ್ಳೇ ಅಲ್ಲ ಎನ್ನುವ ಜನ. ಆಮೇಲೆ ಸಿಟ್ಟಿನ ಕೆಳಗಿನಿಂದ ಒಂದು ತೆರನ ಹಗುರ ಭಾವ ಎದ್ದಿತು. ತಾನು ಹೇಳಿಯಾಗಿತ್ತು, ಇನ್ನು ಯಾರು ಪರದೆಯಾಚೆ ನಿಂತರೆ ತನಗೇನು. ಬಾಗಿಲ ಬಳಿ ಬಂದಾಗ ಮೈದುನನಿಗೆ, “ಹಿಂದಿನ ಬಾಗಿಲಿಂದ ಯಾಕೆ ಹೋಗ್ತೀಯ, ಇಲ್ಲೇ ಬಾ, ಊಟ ಮಾಡು,” ಎಂದಳು. ಗಂಡನಿಗೂ ಆ ದಿನವೇ ಎಲ್ಲ ಹೇಳಿದಳು. ಅವನು ಗಲ್ಲ ಕೆರೆದುಕೊಂಡು, ಇಷ್ಟಕ್ಕೆ ಇಷ್ಟು ವರ್ಷ ಒಬ್ಬಳೇ ಒದ್ದಾಡಿದೆಯಾ ಎಂದ.

ಎರಡು ತಿಂಗಳಾದ ಮೇಲೆ ಆಕೆಗೆ ಕಣ್ಣಿನ ಪೊರೆಯ ಆಪರೇಶನ್ ಆಯಿತು. ಆಸ್ಪತ್ರೆಯಲ್ಲಿ ಒಂದು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದಾಗ ಇನ್‌ಸ್ಪೆಕ್ಟರು ನೋಡಲು ಬಂದ. ಈ ಸಲ ಬರಿಗೈ. ಕುರ್ಚಿಯ ತುದಿಯಲ್ಲಿ ಕೂತು, ಡಾಕ್ಟರು ಏನೆಂದರು ಎಂದು ವಿಚಾರಿಸಿದ. ಏಳುವ ಹೊತ್ತಿಗೆ ದನಿ ತಗ್ಗಿಸಿ, “ಆ ಗೊಗ್ಗರು ದನಿ ಗಂಡಸಿಂದೇ ತಾನೆ ಮೇಡಂ? ಹೆಂಗಸು ದನಿ ಬದಲಾಯ್ಸಿ ಮಾತಾಡಿರ್ಬಹುದಾ?” ಎಂದ.

ಗಂಡಸಿನದೇ ಎಂದಳು. ಅವನು ತಲೆಯಾಡಿಸಿ ಹೊರಟುಹೋದ.

ಆಕೆ ಛಾವಣಿ ನೋಡುತ್ತ ಮಲಗಿದಳು. ಇವನು ಸುಮ್ಮನೆ ಕೇಳುವ ಆಸಾಮಿಯಲ್ಲ. ಹೆಂಗಸು ಎಂದು ಇವನಿಗೆ ಯಾರು ಹೇಳಿದರು? ಆ ದನಿಯನ್ನು ಮನಸ್ಸಿನಲ್ಲೇ ಮತ್ತೆ ಕೇಳಿದಳು. ‘ಇಪ್ಪತ್ತಾರಕ್ಕೆ ಕೊಡಿ.’ ಬಾಯಿಗೆ ಬಟ್ಟೆ ಅಡ್ಡ ಹಿಡಿದಿದ್ದರೂ ಹಾಗೇ ಕೇಳಿಸುತ್ತಿತ್ತೇನೋ. ಸಂಜೆ ಮೈದುನ ಫ್ಲಾಸ್ಕಿನಲ್ಲಿ ಟೀ ತಂದಾಗ, ಬರುವ ಭಾನುವಾರ ಅಂಗಡಿಯಲ್ಲಿ ತನಗೂ ಒಂದು ಸ್ಟೂಲು ಹಾಕಿಸಿಟ್ಟಿರು ಎಂದು ಹೇಳಿ ಕಳಿಸಿದಳು.